ಹಕ್ಕಿ ನೋಡಲು ಜೊತೆಗೆ ಜನ ಬೇಕು

ಭಾನುವಾರ ಬೆಳಗಿನ ಜಾವ ಐದಕ್ಕೆ ನಮ್ಮ ಮನೆಯಲ್ಲಿ ಅಲಾರಂ ಹೊಡೆಯುತ್ತದೆ. ಅದರ ಹಿಂದೆಯೇ ಶ್ರೀಮತಿಯ ಸುಪ್ರಭಾತ. "ಮೂವತ್ತು ವರ್ಷ ಲೋಕಲ್ ಹಿಡ್ಯಾಕ ಎದ್ರಿ. ರಿಟೈರ್ ಆದ ಮ್ಯಾಲೂ ಆ ಕಾಗಿ ಗುಬ್ಬಿ ಸಲುವಾಗಿ ಏಳ್ತೀರಲ್ರೀ!" ನಾನು ಉತ್ತರ ಕೊಡುವುದಿಲ್ಲ. ಕತ್ತಲಲ್ಲೇ ಚಹಾ ಕುಡಿದು, ಕೊರಳಿಗೆ ದುರ್ಬೀನು ಹಾಕಿಕೊಂಡು, ಚುರುಮುರಿ ಚೂಡಾದ ಡಬ್ಬಿಯನ್ನು ಚೀಲಕ್ಕೆ ಸೇರಿಸಿ ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಡುತ್ತೇನೆ. ಠಾಣೆಯ ಯೇವೂರು ಗುಡ್ಡದ ಬುಡದಲ್ಲಿ ಆರು ಗಂಟೆಗೆ ನಮ್ಮ ಗುಂಪು ಸೇರುತ್ತದೆ.

ಈ ಗುಂಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆಯದಿರಲು ಒಂದು ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಹಕ್ಕಿ ನೋಡುವುದು ಒಬ್ಬರೇ ಮಾಡುವ ತಪಸ್ಸು ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದರ ಸುಖ ಇರುವುದೇ ಪಕ್ಕದವನಿಗೆ ತೋರಿಸುವುದರಲ್ಲಿ. "ಅಲ್ಲಿ, ಆ ಒಣಕೊಂಬೆ, ಅದರ ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ... ಸಿಕ್ತಾ?" "ಸಿಕ್ತು ಸಿಕ್ತು!" ಈ ಎರಡು ಮಾತಿನ ನಡುವೆ ಇರುವುದೇ ಪೂರ್ತಿ ಸುಖ.

ನಾನು ಮುಂಬೈಗೆ ಬಂದದ್ದು 1988ರಲ್ಲಿ, ಬ್ಯಾಂಕಿನ ಕೆಲಸಕ್ಕೆ. ಹಕ್ಕಿಗಳ ಕಡೆ ತಲೆ ಎತ್ತಿದ್ದು 2004ರಲ್ಲಿ, ಅದೂ ಡಾಕ್ಟರ ದಯೆಯಿಂದ. ಸಕ್ಕರೆ ಕಾಯಿಲೆ, ದಿನಾ ನಡೀರಿ ಎಂದರು. ಯೇವೂರಿನ ರಸ್ತೆಯಲ್ಲಿ ನಡೆಯತೊಡಗಿದೆ. ಒಂದು ದಿನ ಐದಾರು ಜನ ರಸ್ತೆ ಪಕ್ಕ ನಿಂತು ಮರದ ಕಡೆ ಕತ್ತೆತ್ತಿ ನೋಡುತ್ತಿದ್ದರು. ಮುಂಬೈಯಲ್ಲಿ ನಾಲ್ಕು ಜನ ನಿಂತರೆ ಐದನೆಯವನು ನಿಲ್ಲುವುದು ಧರ್ಮ. ಹಾವೋ, ಚಿರತೆಯೋ ಅಂದುಕೊಂಡು ನಾನೂ ನಿಂತೆ. ಏನೂ ಕಾಣಲಿಲ್ಲ. ಆಗ ಬಿಳಿ ಮೀಸೆಯ ಹಿರಿಯರೊಬ್ಬರು ನನ್ನ ಮುಖ ನೋಡಿ, ತಮ್ಮ ಕೊರಳಿನ ದುರ್ಬೀನು ತೆಗೆದು ನನ್ನ ಕೈಗೆ ಕೊಟ್ಟು "ಬಘಾ, ಬಘಾ" ಎಂದರು.

ನೋಡಿದೆ. ಹಸಿರು ಮೈ, ಹಳದಿ ಕತ್ತು, ಹಣೆಯ ಮೇಲೆ ಅಗಲವಾದ ಕೆಂಪು ಕುಂಕುಮ. ಗುಬ್ಬಿಗಿಂತ ಒಂಚೂರು ದಪ್ಪ, ಅಷ್ಟೇ. ತಲೆ ಆಡಿಸುತ್ತಾ "ಟುಕ್ ಟುಕ್ ಟುಕ್" ಅನ್ನುತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ಈ ಸದ್ದನ್ನು ನಾನು ಈ ಊರಿಗೆ ಬಂದಾಗಿನಿಂದ ಕೇಳಿದ್ದೇನೆ! ನಮ್ಮ ಕಟ್ಟಡದ ಹಿಂದಿನ ಯಾವುದೋ ವರ್ಕ್‌ಶಾಪಿನಲ್ಲಿ ತಗಡು ಬಡಿಯುತ್ತಿದ್ದಾರೆ ಅಂದುಕೊಂಡಿದ್ದೆ. ಹದಿನಾರು ವರ್ಷ!

ಹಿರಿಯರು "ತಾಂಬಟ್" ಎಂದರು. ಮರಾಠಿಯಲ್ಲಿ ತಾಂಬಟ್ ಎಂದರೆ ತಾಮ್ರದ ಪಾತ್ರೆ ಬಡಿಯುವವನು. ಆಮೇಲೆ ನೋಡಿದರೆ ಕನ್ನಡದಲ್ಲಿ ಅದು ಕಂಚುಗಾರ ಹಕ್ಕಿ. ಅಂದರೆ ನಾನು ವರ್ಕ್‌ಶಾಪ್ ಅಂದುಕೊಂಡಿದ್ದು ತೀರಾ ತಪ್ಪೇನಲ್ಲ, ನಮ್ಮ ಹಿರಿಯರೂ ಅದನ್ನೇ ಅಂದುಕೊಂಡಿದ್ದರು ಅಂತ ಸಮಾಧಾನ ಮಾಡಿಕೊಂಡೆ.

ಆ ಹಿರಿಯರೇ ನಮ್ಮ ಗುಂಪಿನ ಕಾಕಾ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಗುರುತು ಪರಿಚಯ ಇಲ್ಲದವನ ಕೈಗೆ ತನ್ನ ದುರ್ಬೀನು ಕೊಡುವ ಮನುಷ್ಯನನ್ನು ಈ ಊರಿನಲ್ಲಿ ನಾನು ಅದೇ ಮೊದಲು ನೋಡಿದ್ದು. ಮುಂದಿನ ಭಾನುವಾರ ಮತ್ತೆ ಹೋದೆ.

ನಮ್ಮ ಗುಂಪಿಗೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ, ಶಾಲು ಹಾರ ಇಲ್ಲ (ಕನ್ನಡ ಸಂಘದವರು ಬೈಯಬೇಡಿ, ನಾನೂ ಆರು ವರ್ಷ ಖಜಾಂಚಿ ಆಗಿದ್ದವನೇ). ಹತ್ತು ಹನ್ನೆರಡು ಜನ. ಕಾಳಿನ ಅಂಗಡಿಯ ಗುಜರಾತಿ ಭಾಯಿ ಥೇಪ್ಲಾ ತರುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಲಯಾಳಿ ಚೇಚಿ ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬರುತ್ತಾರೆ. ಮೂರ್ನಾಲ್ಕು ಕಾಲೇಜು ಹುಡುಗರು. ನಾನು ಚೂಡಾದವನು. ಇಷ್ಟು ವರ್ಷದಲ್ಲಿ ಯಾರ ಸಂಬಳ ಎಷ್ಟು, ಯಾರ ಫ್ಲಾಟು ಎಷ್ಟು ಚದರಡಿ ಅಂತ ಯಾರೂ ಯಾರನ್ನೂ ಕೇಳಿಲ್ಲ. ಮುಂಬೈಯಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ದೊಡ್ಡ ಮೋಜು ಹೆಸರುಗಳದ್ದು. ಎರಡು ಎಲೆ ಹೊಲಿದು ಗೂಡು ಮಾಡುವ ಹಕ್ಕಿಗೆ ಮರಾಠಿಯಲ್ಲಿ ಶಿಂಪಿ, ನಮ್ಮಲ್ಲಿ ಸಿಂಪಿಗ. ಕಪ್ಪು ಬಿಳಿ ಬಣ್ಣದ, ಬಾಲ ನಿಗುರಿಸಿಕೊಂಡು ಬೇಸಿಗೆಯ ಬೆಳಗಿನಲ್ಲಿ ಅದ್ಭುತವಾಗಿ ಹಾಡುವ ಹಕ್ಕಿ ನಮಗೆ ಮಡಿವಾಳ. ನಾನು ಅದರ ಅರ್ಥ ಹೇಳಿದಾಗ ಚೇಚಿ ಕುಣಿದುಬಿಟ್ಟರು. ಅವರಲ್ಲಿ ಅದು ವಣ್ಣಾತ್ತಿಪುಳ್ಳ್, ಅಂದರೆ ಬಟ್ಟೆ ಒಗೆಯುವವಳ ಹಕ್ಕಿ! ಕಾಕಾ ಮಾತ್ರ ಒಪ್ಪಲಿಲ್ಲ. ಮರಾಠಿಯಲ್ಲಿ ಅದು ದಯಾಳ, ಧೋಬಿ ಅನ್ನುವುದು ಬೇರೆ ಹಕ್ಕಿಗೆ, ನೀರಿನ ಅಂಚಿನಲ್ಲಿ ಬಟ್ಟೆ ಕುಕ್ಕಿದ ಹಾಗೆ ಬಾಲ ಕುಕ್ಕುತ್ತಾ ಓಡಾಡುತ್ತದಲ್ಲ, ಅದಕ್ಕೆ. "ಅದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದರು. ಕುಂಡೆಕುಸ್ಕ ಎಂದೆ. ಅರ್ಥ ಹೇಳಿ ಎಂದರು. ಹೇಳಿದೆ. ಗುಂಪು ನಕ್ಕ ನಗುವಿಗೆ ಇದ್ದಬದ್ದ ಹಕ್ಕಿಯೆಲ್ಲ ಹಾರಿಹೋದವು.

ಹೀಗೆ ಕನ್ನಡದ ಹೆಸರು ಹುಡುಕಿಕೊಂಡು ಹೋಗಿಯೇ ನಾನು ತೇಜಸ್ವಿಯವರ 'ಹಕ್ಕಿ ಪುಕ್ಕ' ತರಿಸಿಕೊಂಡದ್ದು. ಊರಿನಲ್ಲಿದ್ದಾಗ ಕೇಳಿ ಮರೆತಿದ್ದ ಶಬ್ದಗಳು ಒಂದೊಂದಾಗಿ ವಾಪಸ್ ಬಂದವು. ಕಾಜಾಣ, ಪಿಕಳಾರ, ಟಿಟ್ಟಿಭ, ಗೊರವಂಕ, ಕೆಂಬೂತ. ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷ್ ಆಡುವ ಬಾಯಿಗೆ ಭಾನುವಾರ ಬೆಳಗ್ಗೆ ಕನ್ನಡದ ಕೆಲಸ ಸಿಕ್ಕಿತು. ಕನ್ನಡ ಉಳಿಸಿಕೊಳ್ಳಲು ಪರವೂರಿನಲ್ಲಿ ಏನೇನೋ ಮಾಡುತ್ತೇವೆ, ಇದೂ ಒಂದು ದಾರಿ ನೋಡಿ.

ಈಗ ಊರಿನ ಮಾತು ಬಂತು. ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ಕಡೆ. ಅಲ್ಲಿ ಮಾಗಡಿ ಕೆರೆ ಇದೆ. ಚಳಿಗಾಲದಲ್ಲಿ ದೊಡ್ಡ ಬಾತುಗಳು ಹಿಂಡು ಹಿಂಡಾಗಿ ಬಂದು ಹೊಲಕ್ಕಿಳಿಯುತ್ತಿದ್ದವು. ನಾವು ಹುಡುಗರ ಕೆಲಸ ಡಬ್ಬಿ ಬಾರಿಸಿ ಅವನ್ನು ಓಡಿಸುವುದು, ಕೈಗೆ ಸಿಕ್ಕಿದರೆ ಕಲ್ಲು. ಆ ಹಕ್ಕಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವುದು ನನಗೆ ಗೊತ್ತಾಗಿದ್ದು ಠಾಣೆಯಲ್ಲಿ ಕೂತು ಪುಸ್ತಕ ನೋಡಿದಾಗ. ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವಂಥದ್ದು. ಹಿಮಾಲಯ ದಾಟಿ ಬಂದ ಅತಿಥಿಗೆ ಡಬ್ಬಿ ಬಾರಿಸಿದವನು ನಾನು! ಮುಂದಿನ ಜನವರಿಯಲ್ಲಿ ರಜೆ ಹಾಕಿ ಊರಿಗೆ ಹೋಗಿ ಕೆರೆ ದಂಡೆಯಲ್ಲಿ ದುರ್ಬೀನು ಹಿಡಿದು ಕೂತೆ. ಅವ್ವ ಬಂದು ನೋಡಿದಳು. "ಯಪ್ಪಾ, ಈ ಹಕ್ಕಿ ನೋಡಾಕ ಕಲಿಯಾಕ ಮುಂಬೈಗೆ ಹೋಗಿದ್ಯಾ?" ಅಂದಳು. ಏನು ಹೇಳಲಿ? ಹೌದವ್ವಾ ಅಂದೆ. ಅದೇ ನಿಜ.

(ಠಾಣೆಯ ಖಾಡಿ 2022ರಲ್ಲಿ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು, ನಮ್ಮ ಮಾಗಡಿ ಕೆರೆ 2024ರಲ್ಲಿ. ಬಿಟ್ಟುಬಂದ ಊರು, ಬಂದು ನೆಲೆಸಿದ ಊರು ಎರಡೂ ಒಂದೇ ಪಟ್ಟಿಯಲ್ಲಿ ಇರುವುದು ನನಗೆ ಒಳಗೊಳಗೇ ಖುಷಿ.)

ಈಗ ಬರೆಯಲು ಹಿಂಜರಿದಿದ್ದ ಮಾತು.

2013ರಲ್ಲಿ ನಾನು ಕ್ಯಾಮೆರಾ ಕೊಂಡೆ. ಜೊತೆಗೆ ಮೊಳದುದ್ದದ ಲೆನ್ಸು. ಬೆಲೆ ಹೇಳುವುದಿಲ್ಲ, ಮನೆಯಲ್ಲಿ ಇವತ್ತಿಗೂ ಅರ್ಧ ಬೆಲೆಯೇ ಗೊತ್ತಿರುವುದು. ಅಲ್ಲಿಂದ ನನ್ನ ತಲೆ ತಿರುಗಿತು. ಗುಂಪಿನ ಜೊತೆ ಹೋದರೆ ಮಾತು, ನಗು, ಥೇಪ್ಲಾ. ಹಕ್ಕಿ ಹಾರಿಹೋಗುತ್ತದೆ, ಫೋಟೋ ಸಿಗುವುದಿಲ್ಲ. ಕಾಕಾ ನಡೆಯುವುದು ನಿಧಾನ. ಒಂದೊಂದೇ ಭಾನುವಾರ ತಪ್ಪಿಸಿದೆ, ಕೊನೆಗೆ ಪೂರ್ತಿ ಬಿಟ್ಟೆ. ನನ್ನಂಥದ್ದೇ ಲೆನ್ಸಿನ ಇಬ್ಬರು ಸಿಕ್ಕರು. ಹೊಸ ಹಕ್ಕಿ ಎಷ್ಟಾಯಿತು, ಯಾರ ಪಟ್ಟಿ ಉದ್ದ, ಯಾರ ಫೋಟೋಕ್ಕೆ ಎಷ್ಟು ಲೈಕು, ಇದೇ ಮಾತು.

ನವರಂಗ ಅಂತ ಒಂದು ಹಕ್ಕಿ ಇದೆ. ಕನ್ನಡದಲ್ಲೂ ಮರಾಠಿಯಲ್ಲೂ ಅದೇ ಹೆಸರು. ಹಸಿರು, ನೀಲಿ, ಕಂದು, ಹೊಟ್ಟೆಯ ಕೆಳಗೆ ಕಡುಗೆಂಪು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ. ಮಳೆಗಾಲದ ಹೊತ್ತಿಗೆ ನಮ್ಮ ಈ ಗುಡ್ಡಗಳಿಗೆ ಬಂದು ಗೂಡು ಕಟ್ಟುತ್ತದೆ. ನೆಲದ ಮೇಲೆ ತರಗೆಲೆ ಕೆದಕುತ್ತಾ ಓಡಾಡುವುದರಿಂದ ಕೂಗು ಕೇಳುತ್ತದೆಯೇ ಹೊರತು ಹಕ್ಕಿ ಸುಲಭಕ್ಕೆ ಕಾಣುವುದಿಲ್ಲ. 2014ರ ಜುಲೈನಲ್ಲಿ ನಾವು ಮೂವರು ಹೋಗಿ, ಮೊಬೈಲಿನಲ್ಲಿ ನವರಂಗದ ಕೂಗನ್ನು ಹಾಕಿ ಒಂದು ಬಂಡೆಯ ಮೇಲೆ ಇಟ್ಟೆವು. ಹಕ್ಕಿ ಬಂತು. ಬರದೆ ಏನು ಮಾಡೀತು? ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಓಡಿ ಬರುತ್ತದೆ. ಬಂಡೆಯ ಸುತ್ತ ಸುತ್ತಿತು, ಹಾರಿತು, ಮತ್ತೆ ಬಂತು. ಸುಮಾರು ಮುಕ್ಕಾಲು ಗಂಟೆ. ಅಂಥ ಫೋಟೋ ನನಗೆ ಅದರ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಫೇಸ್‌ಬುಕ್ಕಿಗೆ ಹಾಕಿದೆ. ಜನ ವಾಹ್ ವಾಹ್ ಅಂದರು.

ಕಾಕಾಗೂ ತೋರಿಸಬೇಕಲ್ಲ? ಪ್ರಿಂಟ್ ಹಾಕಿಸಿಕೊಂಡು ಮನೆಗೇ ಹೋದೆ. ಹೊಗಳಿಸಿಕೊಳ್ಳಲು ಅಂತಲೇ ಅನ್ನಿ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಎಷ್ಟು ಹೊತ್ತು ಕರೆದಿರಿ?" ಎಂದು ಕೇಳಿದರು. ಹೇಳಿದೆ. ಆಮೇಲೆ ಬೆರಳಿಟ್ಟು, "ಬಾಯಲ್ಲಿ ಹುಳ ಇದೆ, ನೋಡಿದಿರಾ?" ಎಂದರು.

ಇತ್ತು. ಕೊಕ್ಕಿನಲ್ಲಿ ಎರೆಹುಳ ಜೋತಾಡುತ್ತಿತ್ತು. ಮರಿಗೆ ತೆಗೆದುಕೊಂಡು ಹೋಗುತ್ತಿದ್ದ ತುತ್ತು. ಆ ಹಕ್ಕಿ ಅದನ್ನು ಕೊಡಲೂ ಹೋಗದೆ, ಬಿಡಲೂ ಆಗದೆ, ಕಚ್ಚಿಕೊಂಡೇ ನಮ್ಮ ಮೊಬೈಲಿನ ಜೊತೆ ಜಗಳ ಆಡಿದೆ. ನಾನು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೆನೋ ಲೆಕ್ಕ ಇಲ್ಲ. ಕಣ್ಣು ಚೂಪಾಗಿ ಬಂದಿದೆಯೇ, ರೆಕ್ಕೆಯ ನೀಲಿ ಸರಿಯಾಗಿದೆಯೇ ಅಂತ ನೋಡಿದ್ದೆ. ಹುಳ ಕಂಡಿರಲಿಲ್ಲ. ಕಂಡಿದ್ದರೂ "ಆಕ್ಷನ್ ಶಾಟ್" ಅಂತ ಹಿಗ್ಗುತ್ತಿದ್ದೆನೇನೋ.

ಕಾಕಾ ಬೇರೇನೂ ಹೇಳಲಿಲ್ಲ. ಚಹಾ ತರಿಸಿದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಫೋಟೋ ತೆಗೆದುಹಾಕಿದೆ. ಆದರೆ ಗುಂಪಿಗೆ ಮರಳಲು ನಾಚಿಕೆಯಿಂದ ಇನ್ನೂ ಆರು ತಿಂಗಳು ಹಿಡಿಯಿತು.

ಇಷ್ಟು ಹೇಳಿದ್ದಕ್ಕೆ "ಇವನು ಕ್ಯಾಮೆರಾದ ವಿರೋಧಿ, ಪಟ್ಟಿಯ ವಿರೋಧಿ" ಅಂತ ಷರಾ ಬರೆಯಬೇಡಿ. ಅಲ್ಲ. ಪಟ್ಟಿಗಳಿಂದ ಆಗಿರುವ ಉಪಕಾರ ದೊಡ್ಡದು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯನ್ನೇ ನೋಡಿ. ಅದಕ್ಕೆ ಮಾಹಿತಿ ಕೊಟ್ಟವರು 30,000ಕ್ಕೂ ಹೆಚ್ಚು ಹಕ್ಕಿ ನೋಡುಗರು, ಹೆಚ್ಚಿನವರು ನಮ್ಮ ಥರ ಭಾನುವಾರದ ಗಿರಾಕಿಗಳು. ಅವರು ದಾಖಲಿಸಿದ ಸುಮಾರು 3 ಕೋಟಿ ನೋಟಗಳಿಂದ 942 ಜಾತಿಗಳ ಲೆಕ್ಕ ಹಾಕಿದ್ದಾರೆ. 178 ಜಾತಿಗಳಿಗೆ ಹೆಚ್ಚಿನ ಕಾಳಜಿ ಬೇಕು ಎಂದು ಗೊತ್ತಾಗಿದೆ. ಕೋಗಿಲೆ, ನವಿಲು ಚೆನ್ನಾಗಿಯೇ ಇವೆ. ಆದರೆ ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ, ಶೇಕಡಾ 30 ಅಥವಾ ಅದಕ್ಕೂ ಹೆಚ್ಚು ಇಳಿದುಹೋಗಿರುವ 14 ಜಾತಿಗಳ ಸಾಲಿನಲ್ಲಿದೆ. ತಂತಿಯ ಮೇಲೆ ಕೂತಿರುವ ನೀಲಕಂಠವನ್ನು ಯಾರು ಎಣಿಸುತ್ತಾರೆ, ಇದ್ದೇ ಇರುತ್ತದೆ ಅಂದುಕೊಂಡಿದ್ದೆವಲ್ಲ? ಎಣಿಸಿದವರಿದ್ದರು, ಅದಕ್ಕೇ ಗೊತ್ತಾಯಿತು.

ನಮ್ಮ ಪಕ್ಕದ ಖಾಡಿಯದೂ ಅದೇ ಕಥೆ. ಮುಂಬೈಯ ರಾಜಹಂಸಗಳನ್ನು ನೀವೂ ನೋಡಿರುತ್ತೀರಿ. ನವೆಂಬರ್-ಡಿಸೆಂಬರಿಗೆ ಬಂದು ಮೇ ತನಕ ಕೆಸರಿನಲ್ಲಿ ಗುಲಾಬಿ ಬಣ್ಣ ಹಾಸಿಬಿಡುತ್ತವೆ. ನಮ್ಮ ಭಾಯಿಯ ಭಾಷೆಯಲ್ಲಿ ಸುರ್ಖಾಬ್. 2024ರ ಮೇ 20ರ ರಾತ್ರಿ ಘಾಟ್‌ಕೋಪರಿನ ಹತ್ತಿರ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಹತ್ತಿರ ಹತ್ತಿರ ನಲವತ್ತು ರಾಜಹಂಸ ಸತ್ತವು. ಸುದ್ದಿ ಬಂದ ಮೇಲೆ ಆಫೀಸಿನವರು, ನೆರೆಹೊರೆಯವರು "ಅಯ್ಯೋ ಪಾಪ" ಅಂದರು. ನಮ್ಮ ಗುಂಪಿನಲ್ಲಿ ಮಾತ್ರ ಯಾರೂ ಏನೂ ಅನ್ನಲಿಲ್ಲ. ಚೇಚಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ವರ್ಷ ವರ್ಷ ಸಾಲಾಗಿ ನಿಂತು ನೋಡಿದ ಹಕ್ಕಿಗಳಲ್ಲವೇ? ಸತ್ತಿದ್ದು ನಮ್ಮ ಪರಿಚಯದವರು. ಫೋಟೋ ಚೆನ್ನಾಗಿರಬಹುದು, ಪಟ್ಟಿ ಉಪಯೋಗಕ್ಕೆ ಬರಬಹುದು. ಆದರೆ ಈ ಪರಿಚಯ ಜೊತೆಗೆ ನಿಂತು ನೋಡಿದ್ದರಿಂದ ಆಗುವಂಥದ್ದು.

ನನ್ನ ಮಗ ಹೇಳುತ್ತಾನೆ, "ಅಪ್ಪಾ, ಈಗ ಆಪ್ ಇದೆ. ಮೊಬೈಲ್ ಹಿಡಿದರೆ ಯಾವ ಹಕ್ಕಿ ಕೂಗ್ತಿದೆ ಅಂತ ಅದೇ ಹೇಳುತ್ತೆ. ಗುಂಪು ಯಾಕೆ?" ನಿಜ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಆಪ್ ಹೆಸರು ಹೇಳುತ್ತದೆ, ಥೇಪ್ಲಾ ಕೊಡುವುದಿಲ್ಲ. "ಬಾಯಲ್ಲಿ ಹುಳ ಇದೆ, ನೋಡಿದಿರಾ?" ಅಂತ ಕೇಳುವುದೂ ಇಲ್ಲ.

ಕಾಕಾಗೆ ಈಗ ಎಂಬತ್ತು ದಾಟಿದೆ. ಗ್ಲಾಕೋಮಾದಿಂದ ದೃಷ್ಟಿ ಬಹಳ ಹೋಗಿದೆ. ದುರ್ಬೀನನ್ನು ಕಾಲೇಜು ಹುಡುಗನೊಬ್ಬನಿಗೆ ಕೊಟ್ಟುಬಿಟ್ಟಿದ್ದಾರೆ. ಆದರೂ ಬರುತ್ತಾರೆ. ನನ್ನ ಮೊಣಕೈ ಹಿಡಿದು ನಡೆಯುತ್ತಾರೆ. ಮೊದಲು ಯಾರ ನಿಧಾನ ನನಗೆ ಬೇಸರ ತರುತ್ತಿತ್ತೋ ಅವರ ಹೆಜ್ಜೆಗೇ ಈಗ ನನ್ನ ಹೆಜ್ಜೆ. ಕಾಣುವುದನ್ನು ನಾವು ಅವರಿಗೆ ಹೇಳುತ್ತೇವೆ, ಕೇಳುವುದನ್ನು ಅವರು ನಮಗೆ ಹೇಳುತ್ತಾರೆ. ವಿನಿಮಯದಲ್ಲಿ ಲಾಭ ನಮಗೇ.

ಹೋದ ಮಳೆಗಾಲದ ಒಂದು ಭಾನುವಾರ. ಮಳೆ ಹೊಳವಾಗಿತ್ತು. ಕಾಕಾ ಥಟ್ಟನೆ ನಿಂತು ನನ್ನ ಮೊಣಕೈ ಒತ್ತಿದರು. ಆಮೇಲೆ ನಮಗೂ ಕೇಳಿತು. ಇಳಿಜಾರಿನ ಪೊದೆಯೊಳಗಿಂದ ಎರಡು ಸ್ವರದ ಸಿಳ್ಳೆ. ನವರಂಗ. ಗುಂಪಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊಬೈಲ್ ತೆಗೆದು "ಅಂಕಲ್, ಕಾಲ್ ಪ್ಲೇ ಮಾಡಲಾ? ಹೊರಗೆ ಬರುತ್ತೆ" ಎಂದ.

ಎಲ್ಲರೂ ಸುಮ್ಮನಾದರು. ಹುಳದ ಕಥೆ ಆವತ್ತಿನ ತನಕ ಕಾಕಾ ಮತ್ತು ನನಗೆ ಮಾತ್ರ ಗೊತ್ತಿತ್ತು. ಹತ್ತು ವರ್ಷದಿಂದ ಅವರು ಯಾರಿಗೂ ಹೇಳಿರಲಿಲ್ಲ, ಈಗಲೂ ಬಾಯಿ ತೆರೆಯಲಿಲ್ಲ. ನನ್ನ ಮೊಣಕೈಯ ಮೇಲೆ ಅವರ ಕೈ ಹಾಗೇ ಇತ್ತು. "ಬೇಡಪ್ಪಾ" ಅಂತಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿದರೆ ಹುಡುಗ ಮುಂದಿನ ಸಲ ಒಬ್ಬನೇ ಬಂದು ಹಾಕುತ್ತಾನೆ, ನಾನು ಮಾಡಿದ ಹಾಗೆ. ಅಲ್ಲೇ ನಿಂತು ಎಲ್ಲರ ಮುಂದೆ ಪೂರ್ತಿ ಕಥೆ ಹೇಳಿದೆ, ನನ್ನ ಹರಕು ಮರಾಠಿಯಲ್ಲಿ. ಕಿವಿ ಬಿಸಿಯಾಗಿತ್ತು. ಹುಡುಗ ಏನೂ ಮಾತಾಡದೆ ಮೊಬೈಲನ್ನು ಜೇಬಿಗೆ ಹಾಕಿದ. ಭಾಯಿ ನನ್ನ ಬೆನ್ನು ತಟ್ಟಿದರು. ಹನ್ನೊಂದು ಜನ ಒದ್ದೆ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಕೇಳಿದೆವು. ಹಕ್ಕಿ ತನ್ನ ಪಾಡಿಗೆ ಕೂಗಿತು, ತನ್ನ ಪಾಡಿಗೆ ನಿಲ್ಲಿಸಿತು. ಆ ದಿನದ ಪಟ್ಟಿಯಲ್ಲಿ ಚೇಚಿ ಬರೆದದ್ದು ಇಷ್ಟೇ, "ನವರಂಗ – 1, ಕೇಳಿದ್ದು ಮಾತ್ರ."

ಪರವೂರಿನಲ್ಲಿರುವ ನನ್ನಂಥ ಕನ್ನಡಿಗರಿಗೆ ಒಂದು ಮಾತು. ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ದಿಲ್ಲಿಯಲ್ಲಿರಿ, ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಇಂಥ ಒಂದು ಗುಂಪು ಭಾನುವಾರ ಬೆಳಗ್ಗೆ ಕತ್ತೆತ್ತಿ ನಿಂತಿರುತ್ತದೆ. ಹುಡುಕಿ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ, ಯಾರಾದರೂ ತಮ್ಮದನ್ನು ಕೊಡುತ್ತಾರೆ. ಮುಂದೆ ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ಕೊಳ್ಳಿ, ಎಂಟು ಪಟ್ಟು ದೊಡ್ಡದು ಮಾಡಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ನಮ್ಮ ವಯಸ್ಸಿನ ಕೈ ನಡುಗಿ ಹಕ್ಕಿಯೂ ನಡುಗುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಬಾಲ್ಕನಿಯಲ್ಲಿ ಕೂತು ಹದಿನೈದು ನಿಮಿಷ ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ. ಪಾರಿವಾಳ, ಕಾಗೆ ಬಿಟ್ಟು ಬೇರೇನೂ ಇಲ್ಲ ಅನ್ನುವವರು ಆ ಹದಿನೈದು ನಿಮಿಷ ಕೂತು ಆಮೇಲೆ ಹೇಳಿ. ಕನ್ನಡದ ಹೆಸರುಗಳನ್ನು ಮಾತ್ರ ಜೊತೆಗೆ ಒಯ್ಯುವುದು ಮರೆಯಬೇಡಿ, ಅಲ್ಲಿ ಅದಕ್ಕೆ ಒಳ್ಳೆಯ ಗಿರಾಕಿ ಇದೆ.

ಆ ಮಳೆಗಾಲದ ಭಾನುವಾರ ತೊಯ್ದು ತೊಪ್ಪೆಯಾಗಿ ಮನೆಗೆ ಬಂದಾಗ ಶ್ರೀಮತಿ ಟವೆಲ್ ಕೊಡುತ್ತಾ ಕೇಳಿದಳು. "ಏನ್ ನೋಡಿದ್ರಿ ಇವತ್ತ?"

"ಏನೂ ನೋಡ್ಲಿಲ್ಲ" ಅಂದೆ.

"ಮತ್ತ ಮಾರಿ ಯಾಕ ಹಿಂಗ ಅರಳೇತಿ?" ಅಂದಳು.